ದುಂಬಿ ವೇಷದ ದರೋಡೆ ನೊಣ: ಗುರುತಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ನ್ಯೂಜೆರ್ಸಿಯಲ್ಲಿ, ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಮನೆ ಹಿಂದೆ ಸಣ್ಣ ತೋಟ ಇದೆ. ಬೆಂಡೆ, ಬದನೆ, ನಾಲ್ಕು ಗುಲಾಬಿ ಗಿಡ. ಕೆಲವು ವರ್ಷದಿಂದ ಅಲ್ಲಿಗೆ ಬರುವ ಹುಳಗಳ ಫೋಟೊ ತೆಗೆಯುತ್ತಿದ್ದೇನೆ. ಅದರಲ್ಲೂ ದುಂಬಿಯಂತೆ ಕಾಣುವ ದರೋಡೆ ನೊಣ ಅಂದರೆ ನನಗೆ ತುಂಬಾ ಇಷ್ಟ. ಗೆಳೆಯರು, ನೆಂಟರು ಫೋಟೊ ಕಳಿಸಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ ಆಗಿರುತ್ತವೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ನನ್ನ ಫೋಟೊದಲ್ಲಿ ಇರೋದು ಬಂಬಲ್‌ಬೀ ತಾನೇ? ನೊಣ ಅಂತ ಯಾಕೆ ಹೇಳ್ತಿದ್ದಾರೆ?

ನಾನೂ ಮೊದಲು ಇದನ್ನೇ ಕೇಳಿದ್ದೆ. ಒಂದು ಜೂನ್ ಕೊನೆಯಲ್ಲಿ ಗುಲಾಬಿ ಎಲೆ ಮೇಲೆ ದಪ್ಪನೆಯ, ಮೈತುಂಬ ಕೂದಲಿನ, ಹಳದಿ-ಕಪ್ಪು ಹುಳ ಕೂತಿತ್ತು. ಬಂಬಲ್‌ಬೀ, ಅಂದರೆ ಇಲ್ಲಿನ ದಪ್ಪ ದುಂಬಿ, ಅಂದುಕೊಂಡು ಫೋಟೊ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಅದರ ಕಾಲುಗಳ ನಡುವೆ ಒಂದು ಜಪಾನಿ ಜೀರುಂಡೆ. ಬಂಬಲ್‌ಬೀ ಜೀರುಂಡೆಯನ್ನು ಯಾಕೆ ತಬ್ಬಿಕೊಂಡಿದೆ ಅಂತ ಅರ್ಥವೇ ಆಗಲಿಲ್ಲ. ಫೋಟೊವನ್ನು ಐನ್ಯಾಚುರಲಿಸ್ಟ್ ಎಂಬ, ಜೀವಿಗಳನ್ನು ಗುರುತಿಸುವ ತಾಣದಲ್ಲಿ ಬಂಬಲ್‌ಬೀ ಅಂತಲೇ ಹಾಕಿದೆ. ಅವತ್ತು ರಾತ್ರಿಯೇ ಗುರುತು ಪರಿಚಯ ಇಲ್ಲದ ಒಬ್ಬರು ಒಂದೇ ಸಾಲು ಬರೆದರು: ಇದು ಲಾಫ್ರಿಯಾ, ಮುಖದ ಗಡ್ಡ ನೋಡಿ. ಲಾಫ್ರಿಯಾ ಅಂದರೆ ದರೋಡೆ ನೊಣಗಳ ಒಂದು ಕುಲ.

ನೋಡಿದೆ. ನಿಜವಾಗಿ ಗಡ್ಡ ಇತ್ತು! ಗಡ್ಡದ ನಡುವಿನಿಂದ ಗಟ್ಟಿಯಾದ ಸೊಂಡಿಲು ಹೊರಬಂದು ಜೀರುಂಡೆಯ ಬೆನ್ನಿಗೆ ನೆಟ್ಟಿತ್ತು. ಎಷ್ಟೋ ಸಲ ನೋಡಿದ್ದ ಫೋಟೊ ಅದು, ಆ ಒಂದು ಸಾಲು ಓದಿದ ಮೇಲೆ ಬೇರೆಯದೇ ಫೋಟೊ ಆಗಿಬಿಟ್ಟಿತು.

ಅಂದಹಾಗೆ, ಅಮೆರಿಕದಲ್ಲಿ ಜಪಾನಿ ಜೀರುಂಡೆ ಮೊದಲು ಕಂಡಿದ್ದು ನಮ್ಮ ನ್ಯೂಜೆರ್ಸಿಯಲ್ಲೇ, 1916ರಲ್ಲಿ. ಬೆಂಡೆ ಎಲೆಯನ್ನೂ ಗುಲಾಬಿಯನ್ನೂ ಜರಡಿ ಮಾಡಿ ಹಾಕುತ್ತದೆ. ಅದನ್ನು ತಿನ್ನುವವನು ತೋಟದಲ್ಲೇ ಇದ್ದಾನೆ ಅಂತ ಗೊತ್ತಾದಾಗ ನನಗೆ ಎಷ್ಟು ಖುಷಿಯಾಯಿತು ಅಂತ ಇಲ್ಲಿ ತೋಟ ಮಾಡುವವರಿಗೆ ಹೇಳಬೇಕಾಗಿಲ್ಲ.

ದರೋಡೆ ನೊಣ ಅಂದರೆ ಏನು?

ಇಂಗ್ಲಿಷಿನಲ್ಲಿ ರಾಬರ್ ಫ್ಲೈ. ಅಸಿಲಿಡೇ ಎಂಬ ಕುಟುಂಬದ ನೊಣಗಳು. ಜಗತ್ತಿನಲ್ಲಿ ಇವುಗಳಲ್ಲಿ 7,000ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಡಲಾಗಿದೆ. ಎಲ್ಲವೂ ಬೇಟೆಗಾರರು. ಎಲೆ ತುದಿಯಲ್ಲೋ ಒಣಗಿದ ಕಡ್ಡಿಯ ಮೇಲೋ ಕಾದು ಕೂರುತ್ತವೆ, ಹಾರಿ ಹೋಗುವ ಹುಳವನ್ನು ಗಾಳಿಯಲ್ಲೇ ಹಿಡಿಯುತ್ತವೆ, ಮತ್ತೆ ಬಂದು ಕೂತು ತಿನ್ನುತ್ತವೆ. ತಿನ್ನುವುದು ಅಂದರೆ ಅಗಿಯುವುದಲ್ಲ. ಸೊಂಡಿಲು ಚುಚ್ಚಿ ಎಂಜಲು ಬಿಡುತ್ತವೆ. ಆ ಎಂಜಲಿನಲ್ಲಿ ಹುಳದ ನರಗಳನ್ನು ನಿಶ್ಚಲ ಮಾಡುವ ವಿಷವೂ ಇದೆ, ಒಳಗಿನ ಮಾಂಸವನ್ನು ಕರಗಿಸುವ ರಸವೂ ಇದೆ. ಕರಗಿದ್ದನ್ನು ಹೀರಿ ಖಾಲಿ ಚಿಪ್ಪನ್ನು ಬೀಳಿಸುತ್ತವೆ. ನೀವು ದಿನಾ ನೋಡುವ ಎಲೆಯ ಕೆಳಗೆ ಜೀರುಂಡೆಯ ಖಾಲಿ ಚಿಪ್ಪುಗಳು ಬಿದ್ದಿದ್ದರೆ ಮೇಲೆ ಯಾರು ಕೂರುತ್ತಾರೆ ಅಂತ ಸ್ವಲ್ಪ ಕಾದು ನೋಡಿ.

ಈ ಕುಟುಂಬದಲ್ಲಿ ಹೆಚ್ಚಿನವು ಸಣಕಲು, ಬೂದು ಬಣ್ಣದವು. ದುಂಬಿ ವೇಷ ಹಾಕುವವು ಕೆಲವೇ ಕುಲಗಳು. ಅಮೆರಿಕ, ಯುರೋಪಿನಲ್ಲಿ ಲಾಫ್ರಿಯಾ. ಅಮೆರಿಕದ ದಕ್ಷಿಣ ಭಾಗದಿಂದ ಅರ್ಜೆಂಟೀನಾದವರೆಗೆ ಮ್ಯಾಲೊಫೊರಾ. ಆಫ್ರಿಕಾದಲ್ಲೂ ನಮ್ಮ ಕಡೆಯೂ ಹೈಪರೀಕಿಯಾ.

ಜೇನೋ ನೊಣವೋ ಅಂತ ಬೇಗ ತಿಳಿಯೋದು ಹೇಗೆ?

ಪುಸ್ತಕದಲ್ಲಿ ರೆಕ್ಕೆ ಎಣಿಸಿ ಅಂತಾರೆ. ಜೇನು, ದುಂಬಿಗಳಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಮಾತು ಸರಿ. ಆದರೆ ಫೋಟೊದಲ್ಲಿ ಅದು ಜಾಸ್ತಿ ಸಹಾಯಕ್ಕೆ ಬರಲ್ಲ. ಜೇನಿನ ಹಿಂದಿನ ರೆಕ್ಕೆ ಸಣ್ಣ ಸಣ್ಣ ಕೊಕ್ಕೆಗಳಿಂದ ಮುಂದಿನ ರೆಕ್ಕೆಗೆ ಸಿಕ್ಕಿಕೊಂಡಿರುತ್ತದೆ, ಹಾಗಾಗಿ ಎರಡೂ ಸೇರಿ ಒಂದೇ ರೆಕ್ಕೆಯಂತೆ ಕಾಣುತ್ತದೆ. ನಾನು ರೆಕ್ಕೆಯನ್ನು ಕೊನೆಗೆ ನೋಡುತ್ತೇನೆ, ಮೊದಲು ನೋಡುವುದು ಮುಖ.

ದರೋಡೆ ನೊಣದ ಮುಖದಲ್ಲಿ, ಸೊಂಡಿಲಿನ ಮೇಲೆ, ಬಿರುಸು ಕೂದಲಿನ ಪೊದೆ ಇರುತ್ತದೆ. ಮೀಸೆ ಅನ್ನಿ, ಗಡ್ಡ ಅನ್ನಿ. ಸಿಕ್ಕಿಬಿದ್ದ ಹುಳ ಒದ್ದಾಡುವಾಗ, ಕಚ್ಚಲು ಬಂದಾಗ ಮುಖವನ್ನು ಕಾಪಾಡುವುದು ಆ ಗಡ್ಡವೇ. ಜೇನಿಗೆ ಇಂಥದ್ದು ಇಲ್ಲ. ಇನ್ನು ಕಣ್ಣು. ನೊಣದ ಕಣ್ಣು ದೊಡ್ಡದು, ತಲೆಯ ಎರಡೂ ಕಡೆ ಉಬ್ಬಿಕೊಂಡಿರುತ್ತದೆ, ನಡುವೆ ನೆತ್ತಿಯಲ್ಲಿ ಚಮಚದಿಂದ ತೋಡಿದಂತೆ ಒಂದು ತಗ್ಗು ಇರುತ್ತದೆ. ಎದುರಿನಿಂದ ತೆಗೆದ ಫೋಟೊದಲ್ಲಿ ಆ ತಗ್ಗು ಕಂಡರೆ ಮತ್ತೆ ಯೋಚನೆ ಮಾಡುವುದೇ ಬೇಡ, ಅದು ದರೋಡೆ ನೊಣ. ಜೇನಿನ ಕಣ್ಣು ಉದ್ದಕ್ಕೆ, ಹುಣಿಸೆ ಬೀಜದ ಹಾಗೆ, ತಲೆಯ ಪಕ್ಕಕ್ಕೆ ಅಂಟಿಕೊಂಡಿರುತ್ತದೆ.

ಆಂಟೆನಾ ನೋಡಿ. ದುಂಬಿಯದು ಮೊಣಕೈ ತರಹ ಬಾಗಿರುತ್ತದೆ, ಉದ್ದ. ಲಾಫ್ರಿಯಾದ್ದು ಮೊಂಡು, ಮುಂದಕ್ಕೆ ಚಾಚಿರುತ್ತದೆ. ಕಾಲು ನೋಡಿ. ಹೂವಿಗೆ ಹೋಗಿ ಬಂದ ಬಂಬಲ್‌ಬೀಯ ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆ ಇರುತ್ತದೆ. ನೊಣದ ಕಾಲು ಗಟ್ಟಿ, ಕೂದಲು ತುಂಬಿದ್ದು, ಹುಳ ಹಿಡಿಯಲು ಮಾಡಿದ್ದು. ಇಲ್ಲಿ ಮಾತ್ರ ಹುಷಾರು. ಮ್ಯಾಲೊಫೊರಾದ ಕೆಲವು ಜಾತಿಗಳಲ್ಲಿ ಹಿಂಗಾಲಿನ ಮೇಲೆ ಹಳದಿ ಕೂದಲು ಗೊಂಚಲಾಗಿ ಬೆಳೆದು ಥೇಟ್ ಪರಾಗದ ಉಂಡೆಯಂತೆಯೇ ಕಾಣುತ್ತದೆ. ಇಲ್ಲದ ಪರಾಗವನ್ನು ಹೊತ್ತು ನಿಂತ ವೇಷ!

ಕೊನೆಯದು ನಡವಳಿಕೆ. ಬಂಬಲ್‌ಬೀ ಒಂದು ಕಡೆ ಕೂರಲ್ಲ, ಹೂವಿಂದ ಹೂವಿಗೆ ಹೋಗುತ್ತಲೇ ಇರುತ್ತದೆ. ಲಾಫ್ರಿಯಾ ಬಿಸಿಲು ಬಿದ್ದ ಎಲೆಯ ಮೇಲೆ ಸುಮ್ನೆ ಕೂತಿರುತ್ತದೆ. ತಲೆ ಮಾತ್ರ ಆ ಕಡೆ ಈ ಕಡೆ ತಿರುಗುತ್ತದೆ. ಹೂವೇ ಇಲ್ಲದ ಕಡೆ ಒಂದು ದುಂಬಿ ಹತ್ತು ನಿಮಿಷ ಕೂತಿದೆ ಅಂದರೆ ನನಗೆ ಆಗಲೇ ಅನುಮಾನ.

ಹೂವಿನ ಮೇಲೆ ಕೂತು ಮಕರಂದ ಕುಡಿಯುತ್ತಿತ್ತು, ಆದರೆ ನೊಣದ ಕಣ್ಣು. ಅದೂ ದರೋಡೆ ನೊಣವಾ?

ಬಹುಶಃ ಅಲ್ಲ. ಜೇನಿನ ವೇಷ ಹಾಕುವ ನೊಣಗಳು ಬೇರೆಯೂ ಇವೆ. ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹೋವರ್ ಫ್ಲೈಗಳಲ್ಲಿ ಹಲವು ಜೇನಿನಂತೆಯೇ ಕಾಣುತ್ತವೆ. ಮೈತುಂಬ ನಯವಾದ ಕೂದಲು, ಮುಂದಕ್ಕೆ ಚಾಚಿದ ಸೂಜಿಯಂಥ ಸೊಂಡಿಲು ಇದ್ದರೆ ಅದು ಬೀ ಫ್ಲೈ ಇರಬಹುದು. ಇವಕ್ಕೆ ಗಡ್ಡದ ಪೊದೆಯೂ ಇಲ್ಲ, ನೆತ್ತಿಯ ತಗ್ಗೂ ಇಲ್ಲ.

ಈ ವೇಷ ಯಾಕೆ?

ನಮ್ಮ ಊರಿಗೆ ಹಗಲುವೇಷದವರು ಬರುತ್ತಿದ್ದರು. ಪೊಲೀಸ್ ವೇಷದಲ್ಲಿ ಬಂದವನನ್ನು ನೋಡಿ ನಾವು ಮಕ್ಕಳು ಕೊಟ್ಟಿಗೆಯಲ್ಲಿ ಅಡಗಿ ಕೂರುತ್ತಿದ್ದೆವು. ನಿಜವಾದ ಪೊಲೀಸರ ಹೆದರಿಕೆ ಇದ್ದದ್ದಕ್ಕೆ ತಾನೇ ಆ ವೇಷಕ್ಕೂ ಹೆದರಿದ್ದು? ಇಲ್ಲಿಯೂ ಹಾಗೇ. ಒಂದು ಸಲ ಬಂಬಲ್‌ಬೀ ಚುಚ್ಚಿಸಿಕೊಂಡ ಹಕ್ಕಿಯೋ ಕಪ್ಪೆಯೋ ಆಮೇಲೆ ಆ ಬಣ್ಣ ಕಂಡರೆ ದೂರ ಹೋಗುತ್ತದೆ. ಚುಚ್ಚುವ ಕೊಂಡಿಯೇ ಇಲ್ಲದ ನೊಣಕ್ಕೆ ಅದರಿಂದ ಲಾಭ. ಈ ವಿಚಾರವನ್ನು ಮೊದಲು ವಿವರವಾಗಿ ಹೇಳಿದವನು ಹೆನ್ರಿ ವಾಲ್ಟರ್ ಬೇಟ್ಸ್. ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ 1862ರಲ್ಲಿ ಬರೆದ.

ದರೋಡೆ ನೊಣದ ಮೇಲೇ ಮಾಡಿದ ಒಂದು ಪ್ರಯೋಗವೂ ಇದೆ. 1960ರಲ್ಲಿ ಪ್ರಕಟವಾದದ್ದು. ನೆಲಗಪ್ಪೆಗಳಿಗೆ ಮೊದಲು ಬಂಬಲ್‌ಬೀ ಕೊಟ್ಟರು. ಚುಚ್ಚಿಸಿಕೊಂಡು ಪಾಠ ಕಲಿತ ಕಪ್ಪೆಗಳ ಮುಂದೆ ಆಮೇಲೆ ಮ್ಯಾಲೊಫೊರಾ ಬಾಂಬಾಯ್ಡಿಸ್ ಎಂಬ ದುಂಬಿ ವೇಷದ ನೊಣವನ್ನು ಇಟ್ಟರು. ಪಾಠ ಕಲಿತವು ಅದನ್ನೂ ಬೇಡ ಅಂದವು. ಬಂಬಲ್‌ಬೀಯ ರುಚಿ ನೋಡದ ಕಪ್ಪೆಗಳು ನೊಣವನ್ನು ತಿಂದುಬಿಟ್ಟವು.

ಇನ್ನೊಂದು ವಾದವೂ ಇದೆ. ದುಂಬಿಯಂತೆ ಕಂಡರೆ ದುಂಬಿಗಳ ಹತ್ತಿರ ಸುಲಭವಾಗಿ ಹೋಗಿ ಹಿಡಿಯಬಹುದು ಅಂತ. ನನಗೆ ಲಾಫ್ರಿಯಾ ವಿಷಯದಲ್ಲಿ ಇದು ಅಷ್ಟು ಒಪ್ಪಿಗೆ ಇಲ್ಲ. ಅವುಗಳ ಬಾಯಲ್ಲಿ ನಾನು ಜಾಸ್ತಿ ನೋಡಿರುವುದು ಜೀರುಂಡೆಗಳನ್ನೇ. ಜೀರುಂಡೆ ಹಿಡಿಯಲು ದುಂಬಿ ವೇಷ ಯಾಕೆ ಬೇಕು?

ಕಚ್ಚುತ್ತಾ? ಮಕ್ಕಳಿರುವ ಮನೆ.

ತಾನಾಗಿ ಬಂದು ಕಚ್ಚಲ್ಲ. ಕೈಯಲ್ಲಿ ಹಿಡಿದರೆ ಸೊಂಡಿಲಿನಿಂದ ಚುಚ್ಚುತ್ತದೆ, ಚೆನ್ನಾಗಿಯೇ ನೋಯುತ್ತದೆ. ಹಿಡಿಯಬೇಡಿ, ಅಷ್ಟೇ.

ಗುರುತಿಸುವವರಿಗೆ ಉಪಯೋಗ ಆಗುವ ಫೋಟೊ ತೆಗೆಯೋದು ಹೇಗೆ?

ಇದನ್ನು ದಯವಿಟ್ಟು ಪೂರ್ತಿ ಓದಿ, ಯಾಕೆಂದರೆ ಹೆಸರು ಸಿಗದೆ ಉಳಿಯುವ ಫೋಟೊಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ. ನಾವೆಲ್ಲ ಬೆನ್ನಿನ ಕಡೆಯಿಂದ ಒಂದು ಚೆಂದದ ಫೋಟೊ ತೆಗೆದು ನಿಲ್ಲಿಸುತ್ತೇವೆ. ಚೆಂದ ಇರುತ್ತದೆ ನಿಜ, ಆದರೆ ಗುರುತಿಸುವವರಿಗೆ ಬೇಕಾದ ಅರ್ಧದಷ್ಟು ವಿಷಯ ಅದರಲ್ಲಿ ಇರಲ್ಲ.

ಮೊದಲು ದೂರದಿಂದಲೇ ಒಂದು ತೆಗೆದುಬಿಡಿ. ಹಾರಿಹೋದರೂ ಅದೊಂದು ಉಳಿಯುತ್ತದೆ. ಆಮೇಲೆ ನಿಧಾನಕ್ಕೆ, ಬಗ್ಗಿಕೊಂಡು, ನಿಮ್ಮ ನೆರಳು ಅದರ ಮೇಲೆ ಬೀಳದ ಹಾಗೆ ಹತ್ತಿರ ಹೋಗಿ. ಹಾರಿಹೋದರೆ ಬೇಜಾರು ಬೇಡ, ನಿಂತಲ್ಲೇ ನಿಲ್ಲಿ. ಎಷ್ಟೋ ಸಲ ಅದೇ ಎಲೆಗೆ, ಇಲ್ಲದಿದ್ದರೆ ಪಕ್ಕದ ಎಲೆಗೆ ವಾಪಸ್ ಬರುತ್ತದೆ. ನಾನು ಒಂದೇ ಗುಲಾಬಿ ಗಿಡದ ಮುಂದೆ ಮುಕ್ಕಾಲು ಗಂಟೆ ಕೂತಿದ್ದೇನೆ, ಆರು ಸಲ ಹೋಯಿತು, ಆರು ಸಲವೂ ಬಂತು. ಬೇಟೆ ತಿನ್ನುತ್ತಿದ್ದರೆ ಇನ್ನೂ ಸುಲಭ, ಅಷ್ಟು ಬೇಗ ಹಾರಲ್ಲ.

ಎದುರಿನಿಂದ ಮುಖ ಬೇಕೇ ಬೇಕು. ಗಡ್ಡದ ಬಣ್ಣ ಕಪ್ಪೋ ಹಳದಿಯೋ ಎನ್ನುವುದರ ಮೇಲೆ ಜಾತಿ ನಿರ್ಧಾರ ಆಗುತ್ತದೆ. ಪಕ್ಕದಿಂದ ಒಂದು, ಕಾಲುಗಳ ಕೂದಲು ಕಾಣುವಂತೆ. ಮೇಲಿನಿಂದ ಒಂದು, ಹೊಟ್ಟೆಯ ಯಾವ ಉಂಗುರದಲ್ಲಿ ಹಳದಿ ಇದೆ ಅಂತ ಎಣಿಸಲು ಆಗುವಂತೆ. ರೆಕ್ಕೆ ಹೊಟ್ಟೆಯನ್ನು ಮುಚ್ಚಿದ್ದರೆ ಸ್ವಲ್ಪ ಓರೆಯಿಂದ ಪ್ರಯತ್ನಿಸಿ. ಎದೆಭಾಗ ಮುಗಿದು ಹೊಟ್ಟೆ ಶುರುವಾಗುವ ಕಡೆ ಒಂದು ಪುಟ್ಟ ಅರ್ಧಚಂದ್ರದಂಥ ತುಣುಕು ಇದೆ. ಅದರ ಮೇಲಿನ ಕೂದಲಿನ ಬಣ್ಣವನ್ನೂ ಬಲ್ಲವರು ಕೇಳುತ್ತಾರೆ. ಹೊಟ್ಟೆಯ ತುದಿಯೂ ಸಿಕ್ಕರೆ ಗಂಡೋ ಹೆಣ್ಣೋ ತಿಳಿಯುತ್ತದೆ.

ದುಬಾರಿ ಕ್ಯಾಮೆರಾ ಬೇಕಾಗಿಲ್ಲ. ನನ್ನ ಮೊದಲ ಎರಡು ವರ್ಷದ ಫೋಟೊಗಳೆಲ್ಲ ಫೋನಿನವು, ಮೇಲೊಂದು ಕ್ಲಿಪ್ ಲೆನ್ಸ್. ಬಾಯಲ್ಲಿ ಬೇಟೆ ಇದ್ದರೆ ಅದರದ್ದೂ ಒಂದು ಸ್ಪಷ್ಟ ಫೋಟೊ ತೆಗೆಯಿರಿ. ಯಾವ ನೊಣ ಏನು ತಿನ್ನುತ್ತದೆ ಅನ್ನುವ ಮಾಹಿತಿ ಅಧ್ಯಯನ ಮಾಡುವವರಿಗೆ ಚಿನ್ನದಂಥದ್ದು.

ಮತ್ತೆ, ಫಿಲ್ಟರ್ ಹಾಕಬೇಡಿ. ಬಣ್ಣ ಎದ್ದು ಕಾಣಲಿ ಅಂತ ಹಾಕಿದ ಫಿಲ್ಟರ್ ಕಂದು ಗಡ್ಡವನ್ನು ಹಳದಿ ಮಾಡಿಬಿಡುತ್ತದೆ.

ಎಲ್ಲಿ ಹಾಕಬೇಕು?

ಅಮೆರಿಕ, ಕೆನಡಾದಲ್ಲಿ ತೆಗೆದ ಫೋಟೊಗಳಿಗೆ ಬಗ್‌ಗೈಡ್ ಎಂಬ ತಾಣ ಇದೆ. 2003ರಿಂದ ನಡೆಯುತ್ತಿದೆ, ಅಲ್ಲಿ ದರೋಡೆ ನೊಣಗಳನ್ನು ವರ್ಷಗಟ್ಟಲೆ ನೋಡಿ ಪಳಗಿದವರು ಇದ್ದಾರೆ. ಲಾಫ್ರಿಯಾ ಪುಟಗಳನ್ನು ಸುಮ್ನೆ ಒಂದೊಂದಾಗಿ ನೋಡುತ್ತಾ ಹೋದರೂ ಕಣ್ಣು ಪಳಗುತ್ತದೆ. ಯಾವ ದೇಶದ್ದಾದರೂ ಐನ್ಯಾಚುರಲಿಸ್ಟ್‌ಗೆ ಹಾಕಬಹುದು. ಬರ್ಕ್ಲಿಯಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು 2008ರಲ್ಲಿ ಶುರು ಮಾಡಿದ್ದು ಅದು. ನೊಣಗಳಿಗೇ ಮೀಸಲಾದ ಡಿಪ್ಟೆರಾ ಡಾಟ್ ಇನ್ಫೋ ಎಂಬ ತಾಣವೂ ಇದೆ, ಕಷ್ಟದ ಫೋಟೊಗಳಿಗೆ ಒಳ್ಳೆಯದು. ಊರಲ್ಲಿ ತೆಗೆದದ್ದಾದರೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೂ ಹಾಕಿ.

ಎಲ್ಲಿ ಹಾಕಿದರೂ ದಿನಾಂಕ ಮತ್ತು ಜಾಗ ತಪ್ಪದೆ ಕೊಡಿ. ಊರಿನ ಹೆಸರೂ ಇಲ್ಲದ ಫೋಟೊ ನೋಡಿ ನೊಣದ ಹೆಸರು ಹೇಳಿ ಅಂದರೆ ಯಾರೂ ಹೇಳಲು ಆಗಲ್ಲ. ಮನೆ ವಿಳಾಸ ಗೊತ್ತಾಗಬಾರದು ಅಂತಿದ್ದರೆ ಐನ್ಯಾಚುರಲಿಸ್ಟ್‌ನಲ್ಲಿ ನಿಖರವಾದ ಜಾಗ ಮರೆಮಾಡುವ ಆಯ್ಕೆ ಇದೆ, ಬಳಸಿ.

ಆ್ಯಪ್ ಬಂಬಲ್‌ಬೀ ಅಂತ ತೋರಿಸಿತು. ಅದಕ್ಕಿಂತ ಜನಕ್ಕೆ ಜಾಸ್ತಿ ಗೊತ್ತಾ?

ಆ್ಯಪ್ ನೋಡುವುದು ಫೋಟೊದ ಒಟ್ಟು ಚಹರೆಯನ್ನು. ಈ ನೊಣಕ್ಕೆ ಒಟ್ಟು ಚಹರೆಯೇ ವೇಷ. ಕಪ್ಪೆಯನ್ನೂ ಹಕ್ಕಿಯನ್ನೂ ಮೋಸಗೊಳಿಸಲು ಲಕ್ಷಾಂತರ ವರ್ಷದಿಂದ ತಿದ್ದಿ ತೀಡಿದ ವೇಷ ಅದು. ಬೆನ್ನಿನ ಫೋಟೊ ಮಾತ್ರ ಕೊಟ್ಟರೆ ಆ್ಯಪ್ ಎಡವುವುದು ಸಹಜ. ಮುಖದ ಫೋಟೊವನ್ನು ಮೊದಲನೆಯದಾಗಿ ಹಾಕಿ ನೋಡಿ, ಎಷ್ಟೋ ಸಲ ಸರಿಯಾದ ಕುಟುಂಬವನ್ನೇ ತೋರಿಸುತ್ತದೆ. ಆದರೂ ಅದು ಸಲಹೆ ಮಾತ್ರ. ಪಟ್ಟಿಯಲ್ಲಿ ಮೊದಲು ಬಂದ ಹೆಸರನ್ನು ಒತ್ತುವ ಮುಂಚೆ ಆ ಜಾತಿ ನಿಮ್ಮ ಊರಿನಲ್ಲಿ ಇದೆಯಾ ಅಂತ ನಕ್ಷೆ ನೋಡಿ. ಒಮ್ಮೆ ಬೆಂಗಳೂರಿನ ಗೆಳೆಯನ ಫೋಟೊಕ್ಕೆ ಅಮೆರಿಕದ ಲಾಫ್ರಿಯಾ ಹೆಸರು ಬಿದ್ದಿತ್ತು, ಅವನು ಅದನ್ನೇ ಒತ್ತಿಬಿಟ್ಟಿದ್ದ.

ಯಾರೋ ಬಂದು ಹೆಸರು ಕೊಟ್ಟರು. ಕೂಡಲೇ ಒಪ್ಪಿಗೆ ಒತ್ತಬೇಕಾ?

ಬೇಡ. ಇದು ತುಂಬಾ ಜನ ಒಳ್ಳೆಯ ಮನಸ್ಸಿನಿಂದಲೇ ಮಾಡುವ ತಪ್ಪು. ಐನ್ಯಾಚುರಲಿಸ್ಟ್‌ನಲ್ಲಿ ಕನಿಷ್ಠ ಇಬ್ಬರು ಹೆಸರು ಕೊಟ್ಟು, ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಜನ ಒಂದೇ ಜಾತಿ ಅಂದರೆ ಅದು ಸಂಶೋಧನೆಗೆ ಬಳಸಬಹುದಾದ ದಾಖಲೆ ಆಗುತ್ತದೆ. ಒಬ್ಬರು ಹೇಳಿದರು, ನೀವು ಗೌರವಕ್ಕೆ ಹೂಂ ಅಂದಿರಿ, ಅಲ್ಲಿಗೆ ಇಬ್ಬರಾದರು. ನಿಜವಾಗಿ ನೋಡಿದ್ದು ಒಬ್ಬರೇ. ಅವರು ತಪ್ಪಿದ್ದರೆ ಆ ತಪ್ಪು ದಾಖಲೆಯಲ್ಲಿ ಉಳಿದುಬಿಡುತ್ತದೆ.

ಗೌರವ ತೋರಿಸಲು ಧನ್ಯವಾದ ಬರೆಯಿರಿ. ಅದಕ್ಕಿಂತ ಒಳ್ಳೆಯದು, ಯಾವ ಗುರುತು ನೋಡಿ ಹೇಳಿದಿರಿ ಅಂತ ಕೇಳಿ. ನಾನು ಕಲಿತಿದ್ದೆಲ್ಲ ಆ ಒಂದು ಪ್ರಶ್ನೆಯಿಂದಲೇ. ಅವರಿಗೆ ಇದರಿಂದ ಕಾಸು ಬರಲ್ಲ. ಆಫೀಸ್ ಮುಗಿಸಿ, ಊಟ ಮಾಡಿ, ರಾತ್ರಿ ಕೂತು ಅಪರಿಚಿತರ ಮಸುಕು ಫೋಟೊಗಳನ್ನು ದೊಡ್ಡದು ಮಾಡಿ ಗಡ್ಡದ ಬಣ್ಣ ಹುಡುಕುವ ಜನ ಅವರು. ಪ್ರೀತಿಯಿಂದ ಕೇಳಿದರೆ ಎಷ್ಟು ಬೇಕಾದರೂ ವಿವರಿಸುತ್ತಾರೆ. ಉತ್ತರ ಬಂದ ಮೇಲೆ ನಿಮ್ಮ ಫೋಟೊವನ್ನು ಮತ್ತೆ ತೆರೆದು ನೋಡಿ. ನಿಮಗೂ ಆ ಗುರುತು ಕಂಡರೆ ಆಗ ಒಪ್ಪಿಗೆ ಒತ್ತಿ, ಆಗ ಅದು ನಿಮ್ಮದೇ ಮಾತು.

ಒಪ್ಪಿಗೆ ಇಲ್ಲದಿದ್ದರೂ ಹೇಳಬಹುದು. ಪಂಡಿತರ ಎದುರು ಮಾತಾಡೋದು ಹೇಗೆ ಅನ್ನುವ ಸಂಕೋಚ ಬೇಡ. ಒಬ್ಬರು ಹಳದಿ ಗಡ್ಡದ ಲಾಫ್ರಿಯಾ ಗ್ರೋಸಾ ಅಂತ ಹೆಸರು ಕೊಟ್ಟಿದ್ದರು; ಗಡ್ಡ ಕಪ್ಪು ಕಾಣ್ತಿದೆಯಲ್ಲ, ಹಾಗಾದರೆ ಗ್ರೋಸಾ ಹೇಗೆ ಅಂತ ನಾನೊಮ್ಮೆ ಕೇಳಿದೆ. ಅವರು ಮತ್ತೆ ನೋಡಿ ಹೆಸರು ಬದಲಿಸಿದರು.

ಲಾಫ್ರಿಯಾ ಅಂತ ಮಾತ್ರ ಹೇಳಿ ನಿಲ್ಲಿಸಿದರು. ಪೂರ್ತಿ ಹೆಸರು ಯಾಕೆ ಕೊಡಲ್ಲ?

ಫೋಟೊದಲ್ಲಿ ಕಾಣುವಷ್ಟನ್ನೇ ಹೇಳುವುದು ಪ್ರಾಮಾಣಿಕತೆ. ಉತ್ತರ ಅಮೆರಿಕದಲ್ಲಿ ಲಾಫ್ರಿಯಾ ಜಾತಿಗಳು 60ರ ಆಸುಪಾಸು ಇವೆ. ಎಲ್ಲವೂ ಬಂಬಲ್‌ಬೀ ತರಹ ಇಲ್ಲ. ಲಾಫ್ರಿಯಾ ಸಫ್ರಾನಾ ಎಂಬುದು ಕೇಸರಿ ಬಣ್ಣದ್ದು, ಒಂದು ಬಗೆಯ ಕಣಜದ ರಾಣಿಯ ವೇಷ ಅದರದ್ದು. ಲಾಫ್ರಿಯಾ ಕ್ಯಾನಿಸ್ ಅಂತ ಸಣ್ಣ ಕಪ್ಪು ನೊಣಗಳ ಒಂದು ಗುಂಪೇ ಇದೆ, ಅವನ್ನು ಫೋಟೊದಲ್ಲಿ ಬೇರ್ಪಡಿಸುವುದು ಬಲ್ಲವರಿಗೂ ಕಷ್ಟ. ಕುಲದ ಹೆಸರು ಸಿಕ್ಕರೂ ಅದು ಪೂರ್ತಿ ಉತ್ತರವೇ.

ಬಂಬಲ್‌ಬೀ ತರಹದವು ಮಾತ್ರ ಸ್ವಲ್ಪ ಸುಲಭ. ನಮ್ಮ ಪೂರ್ವ ಕರಾವಳಿ ಕಡೆ ಜಾಸ್ತಿ ಕಾಣುವುದು ಲಾಫ್ರಿಯಾ ಥೊರಾಸಿಕಾ. ಎದೆಯ ಮೇಲೆಲ್ಲ ಹಳದಿ ಕೂದಲು, ಮುಖದ ಗಡ್ಡ ಕಪ್ಪು. ಹೊಟ್ಟೆಯ ಮೇಲಿನ ಹಳದಿ ಒಂದೊಂದರಲ್ಲಿ ಒಂದೊಂದು ತರಹ, ಅದನ್ನು ನೆಚ್ಚಿಕೊಳ್ಳಬೇಡಿ. ಲಾಫ್ರಿಯಾ ಗ್ರೋಸಾ ಇನ್ನೂ ದಪ್ಪ, ಬೆನ್ನು ನೋಡಿದರೆ ಥೊರಾಸಿಕಾದಂತೆಯೇ, ಆದರೆ ಗಡ್ಡ ಹಳದಿ. ಈಗ ಗೊತ್ತಾಯಿತಲ್ಲ, ಎಲ್ಲರೂ ಮುಖ ಮುಖ ಅಂತ ಯಾಕೆ ಬಡಕೊಳ್ಳುತ್ತಾರೆ ಅಂತ?

ಕರ್ನಾಟಕದಲ್ಲಿ ಬಂಬಲ್‌ಬೀಗಳೇ ಇಲ್ಲವಲ್ಲ. ಅಲ್ಲಿ ಯಾರ ವೇಷ?

ಒಳ್ಳೆಯ ಪ್ರಶ್ನೆ. ಭಾರತದಲ್ಲಿ ಬಂಬಲ್‌ಬೀಗಳು ಇರುವುದು ಹಿಮಾಲಯ, ಈಶಾನ್ಯದ ಬೆಟ್ಟಗಳಲ್ಲಿ. ನಾವು ದುಂಬಿ ಅನ್ನುವುದು ಮರ ಕೊರೆಯುವ ಬಡಗಿ ದುಂಬಿಯನ್ನು. ದೊಡ್ಡದು, ಕಪ್ಪು, ರೆಕ್ಕೆಯಲ್ಲಿ ನೀಲಿ-ನೇರಳೆ ಮಿಂಚು, ಕೊಟ್ಟಿಗೆಯ ಪಕಾಸಿಯಲ್ಲೂ ಒಣಗಿದ ಬಿದಿರಿನಲ್ಲೂ ದುಂಡಗೆ ತೂತು ಕೊರೆದು ಕೆಳಗೆ ಹುಡಿ ಉದುರಿಸುವುದು. ಅದರ ಕುಲದ ಹೆಸರು ಝೈಲೊಕೋಪಾ. ಗ್ರೀಕ್‌ನಲ್ಲಿ ಮರ ಕಡಿಯುವವನು ಅಂತ ಅರ್ಥ.

ಹೈಪರೀಕಿಯಾ ನೊಣ ಹಾಕುವುದು ಈ ದುಂಬಿಯ ವೇಷವನ್ನೇ. ಒಂದು ಜಾತಿಯ ಹೆಸರೇ ಝೈಲೊಕೋಪಿಫಾರ್ಮಿಸ್, ಅಂದರೆ ಬಡಗಿ ದುಂಬಿಯ ಆಕಾರದ್ದು. ಇಲ್ಲಿ ಸಂಬಂಧ ಬರೀ ವೇಷದ್ದಲ್ಲ. ಆಕ್ಸ್‌ಫರ್ಡಿನ ಎಡ್ವರ್ಡ್ ಪೌಲ್ಟನ್ 1924ರಲ್ಲೇ ಇದರ ಬಗ್ಗೆ ಬರೆದಿದ್ದಾನೆ. ಹೈಪರೀಕಿಯಾದ ಮರಿಹುಳಗಳು ಬೆಳೆಯುವುದು ದುಂಬಿ ಕೊರೆದ ಮರದ ತೂತಿನೊಳಗೆ, ತಿನ್ನುವುದು ದುಂಬಿಯ ಮರಿಗಳನ್ನು. ದುಂಬಿಯ ಮನೆಯಲ್ಲೇ ಹುಟ್ಟಿ, ದುಂಬಿಯ ಮಕ್ಕಳನ್ನೇ ತಿಂದು, ದುಂಬಿಯ ರೂಪದಲ್ಲೇ ಹೊರಬರುತ್ತದೆ.

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಕೊಟ್ಟಿಗೆ ಪಕ್ಕದ ಒಣಮರದ ಮೇಲೆ ಒಂದು ಕಪ್ಪು ದುಂಬಿ ಅಲುಗಾಡದೆ ಕೂತಿತ್ತು. "ದುಂಬಿ ಕಣೋ ಅದು, ಹತ್ತಿರ ಹೋಗಬೇಡ, ಚುಚ್ಚುತ್ತೆ" ಅಂದರು ಅಮ್ಮ. ಅರವತ್ತು ವರ್ಷದಿಂದ ದುಂಬಿ ನೋಡಿದ ಕಣ್ಣು ಅವರದ್ದು. ನಾನು ಫೋಟೊ ದೊಡ್ಡದು ಮಾಡಿ ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ, "ಇದಕ್ಕೇನೋ ಗಡ್ಡ ಇದೆ!" ಅಂದರು. ಅದನ್ನು ಹೈಪರೀಕಿಯಾ ಅಂತ ಖಚಿತ ಮಾಡಿದವರು ಯಾವುದೋ ದೇಶದಲ್ಲಿ ಕೂತ ಒಬ್ಬರು. ಕುಲದ ಹೆಸರಿಗೇ ನಿಲ್ಲಿಸಿದರು, ನಾನು ಮುಂದಕ್ಕೆ ಒತ್ತಾಯ ಮಾಡಲಿಲ್ಲ.

ನಮ್ಮ ಕಡೆ ಇಂಥ ದಾಖಲೆಗಳು ಇನ್ನೂ ಬೇಕು. ಕೊಟ್ಟಿಗೆ, ಬಿದಿರು ಮೆಳೆ, ಹಳೇ ಬೇಲಿ ಗೂಟ ಇರುವ ಊರಿನವರು ದುಂಬಿಗಳನ್ನು ಒಮ್ಮೆ ಮುಖ ನೋಡಿ ಪರೀಕ್ಷಿಸಿ.

ಜೇನು ಸಾಕುತ್ತೇವೆ. ಇದನ್ನು ಕೊಲ್ಲಬೇಕಾ?

ಅರ್ಜೆಂಟೀನಾದ ಪಂಪಾಸ್ ಬಯಲಿನಲ್ಲಿ ಮ್ಯಾಲೊಫೊರಾ ರುಫಿಕಾಡಾ ಎಂಬುದು ಜೇನು ಸಾಕುವವರಿಗೆ ನಿಜವಾಗಿಯೂ ತಲೆನೋವು, ಪೆಟ್ಟಿಗೆಗಳ ಹತ್ತಿರವೇ ಕಾದು ಜೇನುಗಳನ್ನು ಹಿಡಿಯುತ್ತದೆ. ಅದೇ ನೊಣದ ಮರಿ ಮಣ್ಣಿನೊಳಗೆ ಬೇರುಹುಳಗಳನ್ನು ತಿನ್ನುತ್ತದೆ, ಅದೂ ನೆನಪಿರಲಿ. ಹಿತ್ತಿಲಿಗೆ ಬರುವ ಒಂದೆರಡು ಲಾಫ್ರಿಯಾಗಳ ವಿಷಯ ಬೇರೆ. ಅವು ದಿನಕ್ಕೆ ಹಿಡಿಯುವ ಕೆಲವು ಹುಳಗಳಲ್ಲಿ ಅಲ್ಲೊಂದು ಇಲ್ಲೊಂದು ಜೇನು ಇದ್ದರೂ ಸಾವಿರಾರು ಜೇನುಗಳ ಪೆಟ್ಟಿಗೆಗೆ ಏನೂ ಆಗಲ್ಲ. ದಯವಿಟ್ಟು ಕೊಲ್ಲಬೇಡಿ. ಔಷಧಿ ಹೊಡೆದರೆ ಜೇನೂ ಸಾಯುತ್ತದೆ.

ನಮ್ಮ ತೋಟಕ್ಕೂ ಬರಲಿ ಅಂದರೆ ಏನು ಮಾಡಬೇಕು?

ಕೊಳೆಯುವ ಮರದ ದಿಮ್ಮಿಯನ್ನು ಇದ್ದಲ್ಲೇ ಬಿಡಿ. ಲಾಫ್ರಿಯಾದ ಮರಿಗಳು ಬೆಳೆಯುವುದು ಅದರೊಳಗೆ, ಅಲ್ಲಿರುವ ಜೀರುಂಡೆ ಮರಿಗಳನ್ನು ತಿಂದು. ನಾನು ಬಿದ್ದ ಓಕ್ ಮರದ ಎರಡು ತುಂಡುಗಳನ್ನು ಬೇಲಿ ಪಕ್ಕ ಇಟ್ಟಿದ್ದೇನೆ. ಹುಲ್ಲು ಕತ್ತರಿಸಲು ಬರುವವರು ಪ್ರತಿ ಸಲ ತೆಗೆಯಲಾ ಅಂತ ಕೇಳುತ್ತಾರೆ, ಪ್ರತಿ ಸಲವೂ ಬೇಡ ಅಂತೀನಿ.

ಹಳೇ ಫೋಟೊಗಳಿವೆ, ಐದಾರು ವರ್ಷದ್ದು. ಈಗ ಹಾಕಬಹುದಾ?

ಖಂಡಿತ ಹಾಕಿ. ತೆಗೆದ ದಿನ ಫೋನಿನಲ್ಲಿ ಇರುತ್ತದೆ, ಊರು ನಿಮಗೆ ನೆನಪಿರುತ್ತದೆ, ಅಷ್ಟು ಸಾಕು. ಬಂಬಲ್‌ಬೀ ಅಂತಲೋ ದುಂಬಿ ಅಂತಲೋ ಹೆಸರಿಟ್ಟು ಇಟ್ಟುಕೊಂಡ ಫೋಟೊಗಳನ್ನೇ ಮೊದಲು ತೆಗೆದು ನೋಡಿ. ಏಪ್ರಿಲ್ 30ನ್ನು ವಿಶ್ವ ದರೋಡೆ ನೊಣ ದಿನ ಅಂತ ಆಚರಿಸುತ್ತಾರೆ, ಆಗ ಇವುಗಳನ್ನು ಇಷ್ಟಪಡುವವರೆಲ್ಲ ಫೋಟೊ ಹಂಚಿಕೊಳ್ಳುತ್ತಾರೆ. ಆದರೆ ಅಲ್ಲಿವರೆಗೆ ಕಾಯಬೇಡಿ, ಇವತ್ತೇ ಹಾಕಿ. ಮುಖ ಕಾಣುವ ಫೋಟೊ ಮೊದಲು.